ಮಯೋರ್ಕಾ ಬೆಟ್ಟದ ದಾರಿಯಲ್ಲಿ ರೂಫ್ ತೆರೆದ ಕಾರು: ಎಷ್ಟು ದಿನ, ಯಾವ ಕಡೆಯಿಂದ, ಯಾವ ಹೊತ್ತಿಗೆ?

ಯುರೋಪಿನಲ್ಲಿ ತಾವೇ ಕಾರು ಓಡಿಸಿಕೊಂಡು ಸುತ್ತುವ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಈ ಸಲ ಸ್ಪೇನ್‌ನ ಮಯೋರ್ಕಾ ದ್ವೀಪದ್ದೇ ಜಾಸ್ತಿ. ಅದಕ್ಕೇ ಇಡೀ ಅಂಕಣವನ್ನು ಆ ದ್ವೀಪಕ್ಕೇ ಬಿಟ್ಟುಕೊಟ್ಟಿದ್ದೇನೆ.

ಪ್ರಶ್ನೆ: ನಾವು ಗಂಡ ಹೆಂಡತಿ, ಇಬ್ಬರಿಗೂ ಐವತ್ತು ದಾಟಿದೆ. ಮಗಳು ಮ್ಯೂನಿಕ್‌ನಲ್ಲಿ ಕೆಲಸದಲ್ಲಿದ್ದಾಳೆ. ಮೇ ತಿಂಗಳಲ್ಲಿ ಅವಳ ಹತ್ತಿರ ಹೋದಾಗ ಮಯೋರ್ಕಾದಲ್ಲಿ ಐದು ದಿನ ಇದ್ದು, ಕನ್ವರ್ಟಿಬಲ್ ಕಾರು ಬಾಡಿಗೆಗೆ ತಗೊಂಡು ಬೆಟ್ಟದ ರಸ್ತೆಗಳಲ್ಲಿ ಸುತ್ತುವ ಆಸೆ. ಈ ವಯಸ್ಸಿನಲ್ಲಿ ಮಾಡಬಹುದಾ? ಹೇಗೆ ಯೋಜನೆ ಹಾಕಿಕೊಳ್ಳಬೇಕು? (ಧಾರವಾಡದ ಓದುಗರು)

ಉತ್ತರ: ಖಂಡಿತ ಮಾಡಿ. ಮೇ ತಿಂಗಳು ಅದಕ್ಕೆ ಹೇಳಿ ಮಾಡಿಸಿದ ಕಾಲ. ಆದರೆ ಐದೂ ದಿನಕ್ಕೆ ಆ ಕಾರು ಹಿಡಿಯಬೇಡಿ. ಬೆಟ್ಟದಲ್ಲಿ ಕಳೆಯುವ ಮೂರು ದಿನಕ್ಕೆ ಸಾಕು.

ಕಾರಣ ಹೇಳುತ್ತೇನೆ. ಮಯೋರ್ಕಾದ ಬಹುಪಾಲು ಭೂಮಿ ಬಯಲು. ವಾಯುವ್ಯದ ಕರಾವಳಿಗೆ ಅಂಟಿಕೊಂಡು ಮಾತ್ರ ಸೆರ್ರಾ ದೆ ತ್ರಾಮುಂತಾನಾ ಎನ್ನುವ ಬೆಟ್ಟಸಾಲು ಇದೆ. ಅದರ ಅತಿ ಎತ್ತರದ ಶಿಖರ ಪುಚ್ ಮಜೋರ್ 1,400 ಮೀಟರ್ ದಾಟುತ್ತದೆ. ಯುನೆಸ್ಕೋ 2011ರಲ್ಲಿ ಈ ಸಾಲನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಸೇರಿಸಿದ್ದು ಅಲ್ಲಿನ ಜನರ ದುಡಿಮೆಗೆ. ಕಡಿದಾದ ಇಳಿಜಾರಿನಲ್ಲಿ ಗಾರೆ ಇಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಗೋಡೆ ಕಟ್ಟಿ, ಮೆಟ್ಟಿಲು ಮೆಟ್ಟಿಲಾಗಿ ಹೊಲ ಮಾಡಿ, ಕಾಲುವೆಯಲ್ಲಿ ನೀರು ಹರಿಸಿ, ಆಲಿವ್ ಮತ್ತು ಕಿತ್ತಳೆ ಬೆಳೆದಿದ್ದಾರೆ. ಬಾನ್ಯಾಲ್‌ಬುಫಾರ್ ಊರಿನ ಹತ್ತಿರ ಈ ಮೆಟ್ಟಿಲು ಹೊಲಗಳು ಸಮುದ್ರದವರೆಗೂ ಇಳಿಯುತ್ತವೆ. ತಲೆಯ ಮೇಲೆ ರೂಫ್ ಇಲ್ಲದಿದ್ದರೆ ಮೇಲಿನ ಬಂಡೆಯೂ ಕೆಳಗಿನ ಸಮುದ್ರವೂ ಒಟ್ಟಿಗೇ ಕಾಣುತ್ತವೆ. ಪೈನ್ ಮರದ ವಾಸನೆ ನೇರ ಮೂಗಿಗೆ ಬರುತ್ತದೆ. ಆ ಕಾರಿಗೆ ಜಾಸ್ತಿ ದುಡ್ಡು ಕೊಡುವುದು ಇದಕ್ಕೇ.

ರಾಜಧಾನಿ ಪಾಲ್ಮಾದಲ್ಲಿ ಅದರಿಂದ ತೊಂದರೆಯೇ ಜಾಸ್ತಿ. ಹಳೇ ಪೇಟೆಯ ಎಷ್ಟೋ ಬೀದಿಗಳಿಗೆ ಅಲ್ಲಿನ ನಿವಾಸಿಗಳ ವಾಹನ ಬಿಟ್ಟರೆ ಬೇರೆಯವರಿಗೆ ಪ್ರವೇಶ ಇಲ್ಲ. ಕ್ಯಾಮೆರಾ ಹಿಡಿಯುತ್ತದೆ, ದಂಡ ಬರುತ್ತದೆ. ಮೊದಲ ದಿನ ವಿಮಾನ ನಿಲ್ದಾಣದಿಂದ ಟ್ಯಾಕ್ಸಿ ಅಥವಾ ಬಸ್ಸಿನಲ್ಲಿ ಹೋಟೆಲಿಗೆ ಹೋಗಿ. ಕಥೀಡ್ರಲ್ ಮತ್ತು ಹಳೇ ಪೇಟೆಯನ್ನು ನಡೆದೇ ನೋಡಿ. ಚೆನ್ನಾಗಿ ನಿದ್ದೆ ಮಾಡಿ, ಮರುದಿನ ಬೆಳಿಗ್ಗೆ ಕಾರು ತಗೊಳ್ಳಿ. ಎಡಬದಿಯ ಸ್ಟೇರಿಂಗ್‌ಗೆ ಮೊದಲ ಸಲ ಕೂರುವವರು ಪ್ರಯಾಣದ ಸುಸ್ತಿನಲ್ಲಿ ಕೂರಬಾರದು.

ಬೆಟ್ಟಸಾಲಿನ ಉದ್ದಕ್ಕೂ ಹೋಗುವ ರಸ್ತೆಯ ಹೆಸರು ಎಂಎ-10. ನೈಋತ್ಯದ ಆಂದ್ರಾಚ್‌ನಿಂದ ಈಶಾನ್ಯದ ಪೊಯೆನ್ಸಾವರೆಗೆ ಸುಮಾರು 110 ಕಿ.ಮೀ. ಒಂದೇ ದಿನದಲ್ಲಿ ಮುಗಿಸಿಬಿಡಬಹುದಲ್ವಾ ಅನ್ನಿಸುತ್ತದೆ. ಹಾಗೆ ಮುಗಿಸಿದರೆ ಕಾರು ಓಡಿಸಿದವರಿಗೆ ತಿರುವು ಬಿಟ್ಟು ಬೇರೇನೂ ನೆನಪಿರುವುದಿಲ್ಲ. ಕಾರು ತಗೊಂಡ ಮೊದಲ ದಿನ ಆಂದ್ರಾಚ್‌ನಿಂದ ಎಸ್ತೆಯೆಂಕ್ಸ್, ಬಾನ್ಯಾಲ್‌ಬುಫಾರ್, ವಾಯ್‌ದೆಮೋಸಾ, ದೆಯಾ ದಾಟಿ ಸೋಯೆರ್ ತಲುಪಿದರೆ ಸಾಕು. ವಾಯ್‌ದೆಮೋಸಾದ ಹಳೇ ಮಠದಲ್ಲಿ 1838-39ರ ಚಳಿಗಾಲವನ್ನು ಸಂಗೀತಗಾರ ಶೋಪಾಂ ಮತ್ತು ಲೇಖಕಿ ಜಾರ್ಜ್ ಸ್ಯಾಂಡ್ ಕಳೆದಿದ್ದರು. ಅಲ್ಲಿ ಇಳಿದು ನೋಡಿ. ಸೋಯೆರ್ ಕಿತ್ತಳೆ ತೋಟಗಳ ಕಣಿವೆ. ಎರಡು ರಾತ್ರಿ ಅಲ್ಲೇ ಇರಿ. ಎರಡನೇ ದಿನ ಬೆಟ್ಟದ ಕೆಳಗೆ ಸಮುದ್ರದ ಅಂಚಿನಲ್ಲಿರುವ ಸಾ ಕಾಲೋಬ್ರಾ ಹಳ್ಳಿ, ಯುಕ್ ಮಠ. ಮೂರನೇ ದಿನ ಪೊಯೆನ್ಸಾ. ಅಲ್ಲಿಂದ ಪಾಲ್ಮಾಕ್ಕೆ ಬಯಲಿನಲ್ಲಿ ನೇರ ಹೈವೇ ಇದೆ, ಒಂದು ಗಂಟೆ ಸಾಕು. ಪೊಯೆನ್ಸಾದ ಆಚೆ ಫೋರ್ಮೆಂತೋರ್ ಭೂಶಿರದ ದೀಪಸ್ತಂಭಕ್ಕೆ ಹೋಗುವ ರಸ್ತೆಗೆ ಬೇಸಿಗೆಯ ತಿಂಗಳುಗಳಲ್ಲಿ ಹಗಲು ಹೊತ್ತು ಖಾಸಗಿ ಕಾರು ಬಿಡುವುದಿಲ್ಲ, ಬಸ್ಸಿನಲ್ಲಿ ಹೋಗಬೇಕು. ದಿನಾಂಕ, ವೇಳೆ ಬದಲಾಗುತ್ತಿರುತ್ತವೆ. ಹೊರಡುವ ಮುಂಚೆ ನೋಡಿಕೊಳ್ಳಿ.

ಯಾವ ಕಡೆಯಿಂದ ಹೊರಡಬೇಕು ಎನ್ನುವುದನ್ನು ಯಾರೂ ಕೇಳುವುದಿಲ್ಲ, ಆದರೆ ಅದು ಮುಖ್ಯ. ಸ್ಪೇನ್‌ನಲ್ಲಿ ರಸ್ತೆಯ ಬಲಬದಿಯಲ್ಲಿ ಓಡಿಸಬೇಕು. ಆಂದ್ರಾಚ್‌ನಿಂದ ಈಶಾನ್ಯಕ್ಕೆ ಹೊರಟರೆ ಸಮುದ್ರ ನಿಮ್ಮ ಎಡಕ್ಕೆ, ಬೆಟ್ಟ ಬಲಕ್ಕೆ. ಅಂದರೆ ನೀವು ಬಂಡೆಯ ಪಕ್ಕದ ಲೇನ್‌ನಲ್ಲಿ ಇರುತ್ತೀರಿ, ಪ್ರಪಾತ ಎದುರು ಲೇನ್‌ನ ಆಚೆ ಉಳಿಯುತ್ತದೆ. ಪೊಯೆನ್ಸಾದಿಂದ ವಾಪಸ್ ಬಂದರೆ ಪ್ರಪಾತ ನಿಮ್ಮ ಪಕ್ಕಕ್ಕೇ. ಆಗ ನಿಲ್ಲಿಸಿ ನೋಡುವ ಜಾಗಗಳು ಬಲಕ್ಕೇ ಸಿಗುತ್ತವೆ, ರಸ್ತೆ ಅಡ್ಡ ದಾಟಬೇಕಿಲ್ಲ. ಆದರೆ ಸಂಜೆ ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತದೆ. ಮೊದಲ ಸಲ ಹೋಗುವವರಿಗೆ ನನ್ನ ಸಲಹೆ ಆಂದ್ರಾಚ್ ಕಡೆಯಿಂದಲೇ.

ರೂಫ್ ತೆರೆಯುವುದು ಬೆಳಿಗ್ಗೆ ಹನ್ನೊಂದರವರೆಗೆ ಮತ್ತು ಸಂಜೆ ನಾಲ್ಕರ ನಂತರ. ನಡುಮಧ್ಯಾಹ್ನ ಮುಚ್ಚಿಕೊಂಡು ಎಸಿ ಹಾಕಿಕೊಳ್ಳಿ. ಗಾಳಿ ತಂಪಾಗಿ ಬೀಸುವುದರಿಂದ ಬಿಸಿಲಿನ ಕಾವು ಗೊತ್ತೇ ಆಗುವುದಿಲ್ಲ, ಸಂಜೆ ಹೊತ್ತಿಗೆ ಹಣೆ, ಮೂಗು, ತೋಳು ಉರಿಯುತ್ತಿರುತ್ತವೆ. ಸನ್‌ಸ್ಕ್ರೀನ್, ಬಿಗಿಯಾಗಿ ಕೂರುವ ಟೋಪಿ, ತಂಪು ಕನ್ನಡಕ ಮೂರೂ ಬೇಕು. ಪಕ್ಕದ ಗಾಜು ಏರಿಸಿಟ್ಟರೆ ಗಾಳಿಯ ಹೊಡೆತ ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ನಿಮ್ಮ ಮನೆಯವರಿಗೆ ಒಂದು ಮಾತು. ಸೆರಗು, ದುಪಟ್ಟಾ, ಉದ್ದನೆಯ ಸ್ಕಾರ್ಫ್ ಯಾವುದನ್ನೂ ಸಡಿಲ ಬಿಡಬಾರದು. ನೃತ್ಯಗಾತಿ ಇಸಡೋರಾ ಡಂಕನ್ 1927ರಲ್ಲಿ ಫ್ರಾನ್ಸಿನ ನೀಸ್ ನಗರದಲ್ಲಿ ತೀರಿಕೊಂಡಿದ್ದು ಹೀಗೇ: ತೆರೆದ ಕಾರಿನಲ್ಲಿ ಕೂತಿದ್ದಾಗ ಕತ್ತಿನ ಉದ್ದ ಸ್ಕಾರ್ಫ್ ಚಕ್ರಕ್ಕೆ ಸುತ್ತಿಕೊಂಡಿತು. ಇಂದಿನ ಕಾರುಗಳ ಚಕ್ರ ಒಳಗಿರುತ್ತದೆ ನಿಜ. ಆದರೂ ಬಟ್ಟೆ ಹಾರಿ ಓಡಿಸುವವರ ಮುಖ ಮುಚ್ಚಿದರೆ ಘಾಟಿಯಲ್ಲಿ ಅಷ್ಟೇ ಸಾಕು.

ಪ್ರಶ್ನೆ: ಆಗುಂಬೆ ಘಾಟಿಯಲ್ಲಿ ಓಡಿಸಿ ನನಗೆ ಅಭ್ಯಾಸ ಇದೆ. ಸಾ ಕಾಲೋಬ್ರಾ ರಸ್ತೆಯ ವಿಡಿಯೋ ನೋಡಿದ ಮೇಲೆ ಹೆಂಡತಿ ಬೇಡ ಅನ್ನುತ್ತಿದ್ದಾಳೆ. ಅದು ಅಷ್ಟು ಕಷ್ಟವಾ? (ತೀರ್ಥಹಳ್ಳಿಯ ಓದುಗರು)

ಉತ್ತರ: ಆಗುಂಬೆಯ 14 ಹೇರ್‌ಪಿನ್ ತಿರುವುಗಳಲ್ಲಿ ಬಸ್ಸು, ಮಂಜು, ಮಳೆ ಮೂರನ್ನೂ ನಿಭಾಯಿಸಿದವರಿಗೆ ರಸ್ತೆ ಹೆದರಿಸುವುದಿಲ್ಲ. ಡಾಂಬರು ನುಣುಪಾಗಿದೆ, ಗುಂಡಿಗಳ ಚಿಂತೆ ಇಲ್ಲ. ಕಷ್ಟವಿರುವುದು ಬೇರೆ ಕಡೆ.

ಮೊದಲು ರಸ್ತೆಯ ಬಗ್ಗೆ ಹೇಳಲೇಬೇಕು, ಏಕೆಂದರೆ ನನಗೆ ಇದು ದ್ವೀಪದ ಎಲ್ಲ ಕಟ್ಟಡಗಳಿಗಿಂತ ದೊಡ್ಡ ಕೆಲಸ ಅನ್ನಿಸುತ್ತದೆ. ಆಂತೋನಿಯೋ ಪಾರಿಯೆತ್ತಿ ಎಂಬ ಎಂಜಿನಿಯರ್ ಯೋಜಿಸಿದ ರಸ್ತೆ, 1932ರದ್ದು. ಫೋರ್ಮೆಂತೋರ್ ರಸ್ತೆಯೂ ಅವರದೇ. ಕೆಳಗಿರುವುದು ಪುಟ್ಟ ಹಳ್ಳಿ, ಒಂದು ಕೊಲ್ಲಿ ಮತ್ತು ತೊರೆಂತ್ ದೆ ಪಾರೈಸ್ ಎಂಬ ಕಮರಿ ಅಷ್ಟೇ. ಪ್ರವಾಸಿಗರು ಅಲ್ಲಿಗೆ ಇಳಿದು ನೋಡಲಿ ಎಂದೇ ರಸ್ತೆ ಮಾಡಿದರು. ಸುಮಾರು 680 ಮೀಟರ್ ಎತ್ತರದಲ್ಲಿ ರಸ್ತೆ ಬೆಟ್ಟ ದಾಟುವ ಜಾಗದಿಂದ ಸಮುದ್ರದವರೆಗೆ ಒಂದೂ ಸುರಂಗ ಕೊರೆಯದೆ ಇಳಿಸಿದ್ದಾರೆ. ಒಂದು ಕಡೆ ಇಳಿಸಲು ಜಾಗ ಸಾಲದೆ, ರಸ್ತೆಯನ್ನು ಸುಮಾರು 270 ಡಿಗ್ರಿ ತಿರುಗಿಸಿ ಅದರ ಕೆಳಗಿನಿಂದಲೇ ಹಾಯಿಸಿದ್ದಾರೆ. ಟೈ ಗಂಟು ಅನ್ನುವುದು ಆ ತಿರುವಿಗೆ ಅಲ್ಲಿನವರು ಇಟ್ಟ ಹೆಸರು.

ಕಷ್ಟ ಒಂದು: ದೊಡ್ಡ ಪ್ರವಾಸಿ ಬಸ್ಸುಗಳು. ಹತ್ತು ಗಂಟೆಯ ಮೇಲೆ ಸಾಲಾಗಿ ಇಳಿಯುತ್ತವೆ, ಮಧ್ಯಾಹ್ನದ ನಂತರ ಸಾಲಾಗಿ ಹತ್ತುತ್ತವೆ. ಹೇರ್‌ಪಿನ್‌ನಲ್ಲಿ ಬಸ್ಸಿಗೆ ಇಡೀ ರಸ್ತೆ ಬೇಕು. ಬಸ್ಸು ಕಂಡರೆ ತಿರುವಿಗೆ ಮುಂಚೆಯೇ ನಿಂತು ಅದು ಪೂರ್ತಿ ತಿರುಗಲು ಬಿಡಿ. ತಿರುವಿನೊಳಗೆ ಸಿಕ್ಕಿಕೊಂಡರೆ ಹಿಂದೆ ಬರುವ ಕಾರುಗಳ ನಡುವೆ ರಿವರ್ಸ್ ಹೋಗಬೇಕಾಗುತ್ತದೆ. ಇಕ್ಕಟ್ಟಾದ ಕಡಿದು ಜಾಗದಲ್ಲಿ ಹತ್ತುವವರಿಗೆ ಮೊದಲು ದಾರಿ, ನಮ್ಮ ಘಾಟಿಗಳ ಹಾಗೇ. ಬೆಳಿಗ್ಗೆ ಏಳೂವರೆಗೆ ಸೋಯೆರ್ ಬಿಟ್ಟು ಒಂಬತ್ತಕ್ಕೆ ಮುಂಚೆ ಕೆಳಗೆ ತಲುಪಿದರೆ ಈ ತಲೆನೋವೇ ಇಲ್ಲ. ಹೋದ ದಾರಿಯಲ್ಲೇ ವಾಪಸ್ ಬರಬೇಕು, ಬೇರೆ ರಸ್ತೆ ಇಲ್ಲ. ಹತ್ತಕ್ಕೆ ಮೊದಲು ಮೇಲೆ ಹತ್ತಲು ಶುರು ಮಾಡಿ.

ಇನ್ನೊಂದು, ಸೈಕಲ್‌ಗಳು. ವಸಂತದಲ್ಲಿ ಯುರೋಪಿನ ಸೈಕಲ್ ಸವಾರರೆಲ್ಲ ಅಭ್ಯಾಸಕ್ಕೆ ಇಲ್ಲಿಗೇ ಬರುತ್ತಾರೆ. ಹಿಂದೆ ಹಾಕುವಾಗ ಕನಿಷ್ಠ ಒಂದೂವರೆ ಮೀಟರ್ ಅಂತರ ಬಿಡುವುದು ಕಾನೂನು. ಆಗದಿದ್ದರೆ ಅವರ ಹಿಂದೆಯೇ ನಿಧಾನ ಹೋಗಬೇಕು, ಹಾರ್ನ್ ಹೊಡೆದು ಬದಿಗೆ ಸರಿಸುವ ನಮ್ಮ ಅಭ್ಯಾಸ ಅಲ್ಲಿ ನಡೆಯುವುದಿಲ್ಲ. ಏಪ್ರಿಲ್ ಕೊನೆಯಲ್ಲಿ ಮಯೋರ್ಕಾ 312 ಎಂಬ ದೊಡ್ಡ ಸೈಕಲ್ ಕೂಟ ಇರುತ್ತದೆ. ಆ ದಿನ ಬೆಟ್ಟದ ರಸ್ತೆಗಳನ್ನು ಮುಚ್ಚುತ್ತಾರೆ.

ಮೂರನೆಯದು ನಮ್ಮದೇ ಅಭ್ಯಾಸ. ಬಲಕ್ಕೆ ಕೂತು ಓಡಿಸಿದವರು ಎಡಕ್ಕೆ ಕೂತಾಗ ಕಾರು ತನ್ನಿಂದ ತಾನೇ ಬಲಕ್ಕೆ ಸರಿಯುತ್ತದೆ. ತ್ರಾಮುಂತಾನಾದಲ್ಲಿ ಬಲಕ್ಕೆ ಇರುವುದು ಕಲ್ಲುಗೋಡೆ, ರಸ್ತೆಗೆ ಅಂಟಿಕೊಂಡೇ. ಬಾಡಿಗೆ ಕಾರುಗಳ ಬಲಗಡೆಯ ಕನ್ನಡಿ, ಟೈರು ಪೆಟ್ಟು ತಿನ್ನುವುದು ಇದರಿಂದಲೇ. ನಿಮ್ಮ ಎಡಗೈ ಪಕ್ಕದ ಮಧ್ಯದ ಗೆರೆಗೆ ಹತ್ತಿರ ಇರುವಂತೆ ಓಡಿಸಿದರೆ ಬಲಕ್ಕೆ ಜಾಗ ಉಳಿಯುತ್ತದೆ. ಖಾಲಿ ರಸ್ತೆಯಲ್ಲಿ ಇನ್ನೂ ಹುಷಾರು. ಬೆಳಿಗ್ಗೆ ಪೆಟ್ರೋಲ್ ಬಂಕ್‌ನಿಂದ ಹೊರಬರುವಾಗ ಎದುರಿಗೆ ಯಾರೂ ಇಲ್ಲದಿದ್ದರೆ ಕೈ ಎಡಬದಿಗೇ ತಿರುಗಿಸುತ್ತದೆ. ಪಕ್ಕದಲ್ಲಿ ಕೂತವರು ಪ್ರತಿ ಸಲ "ಬಲಕ್ಕೆ" ಅಂತ ಹೇಳಲಿ. ವೃತ್ತಗಳಲ್ಲಿ ಎಡದಿಂದ, ಅಂದರೆ ಈಗಾಗಲೇ ಒಳಗೆ ಸುತ್ತುತ್ತಿರುವವರಿಗೆ ದಾರಿ ಬಿಡಿ. ಆಟೋಮ್ಯಾಟಿಕ್ ಕಾರೇ ತಗೊಳ್ಳಿ, ಬಲಗೈಯಲ್ಲಿ ಗೇರು ಹಾಕುವ ಗೊಂದಲ ತಪ್ಪುತ್ತದೆ. ಇಳಿಯುವಾಗ ಅದರಲ್ಲೂ ಕೆಳಗಿನ ಗೇರಿಗೆ ತಂದುಕೊಳ್ಳಿ, ಬ್ರೇಕ್ ಮೇಲೆಯೇ ಕಾಲಿಟ್ಟುಕೊಂಡು ಇಳಿಯಬಾರದು.

ನಿಮ್ಮ ಮನೆಯವರಿಗೆ ಇದನ್ನೂ ಹೇಳಿ: ರೂಫ್ ತೆರೆದು ಹಾಡು ನಿಲ್ಲಿಸಿದರೆ ಕೆಳಗಿನ ತಿರುವಿನಲ್ಲಿ ಹತ್ತುತ್ತಿರುವ ಬಸ್ಸಿನ ಸದ್ದು ಮುಂಚೆಯೇ ಕೇಳಿಸುತ್ತದೆ. ಮುಚ್ಚಿದ ಕಾರಿನಲ್ಲಿ ಆ ಅನುಕೂಲ ಇಲ್ಲ.

ಪ್ರಶ್ನೆ: ಕರ್ನಾಟಕದ ಡಿ.ಎಲ್. ಅಲ್ಲಿ ನಡೆಯುತ್ತದಾ? ಡೆಪಾಸಿಟ್, ಇನ್ಶೂರೆನ್ಸ್ ಹೇಗೆ? (ಮೈಸೂರಿನ ಓದುಗರು)

ಉತ್ತರ: ಡಿ.ಎಲ್. ಜೊತೆಗೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಬೇಕು. ಅದನ್ನು ಕೊಡುವುದು ನಮ್ಮ ಆರ್‌ಟಿಒ. ಫಾರಂ 4ಎ ತುಂಬಿ, ಪಾಸ್‌ಪೋರ್ಟ್ ಪ್ರತಿ ಕೊಟ್ಟು, 1,000 ರೂಪಾಯಿ ಶುಲ್ಕ ಕಟ್ಟಬೇಕು. ಒಂದು ವರ್ಷ ನಡೆಯುತ್ತದೆ. ಎರಡೂ ಕಾಗದ ಜೊತೆಯಲ್ಲಿರಲಿ, ಒಂದೇ ಇದ್ದರೆ ಕೌಂಟರಿನಲ್ಲೇ ವಾಪಸ್ ಕಳಿಸುತ್ತಾರೆ. ಧಾರವಾಡದವರ ಹಾಗೆ ಜರ್ಮನಿಯಲ್ಲಿ ಮಗಳಿದ್ದು, ಅವಳ ಹತ್ತಿರ ಜರ್ಮನ್ ಲೈಸೆನ್ಸ್ ಇದ್ದರೆ ಅದು ಸ್ಪೇನ್‌ನಲ್ಲಿ ನೇರ ನಡೆಯುತ್ತದೆ. ಆದರೆ ಓಡಿಸುವ ಪ್ರತಿಯೊಬ್ಬರ ಹೆಸರೂ ಬಾಡಿಗೆ ಕರಾರಿನಲ್ಲಿ ಇರಬೇಕು.

ಡೆಪಾಸಿಟ್‌ಗೆ ಮುಖ್ಯ ಚಾಲಕರ ಹೆಸರಿನ ಕ್ರೆಡಿಟ್ ಕಾರ್ಡ್ ಕೇಳುತ್ತಾರೆ. ಫಾರೆಕ್ಸ್ ಪ್ರೀಪೇಯ್ಡ್ ಕಾರ್ಡ್ ಸಾಮಾನ್ಯವಾಗಿ ಒಪ್ಪುವುದಿಲ್ಲ. ಹೊರಡುವ ಮುಂಚೆ ಕಾರ್ಡಿನಲ್ಲಿ ವಿದೇಶದ ಬಳಕೆ ಆನ್ ಮಾಡಿ, ಮಿತಿ ಏರಿಸಿಕೊಳ್ಳಿ. ಇನ್ಶೂರೆನ್ಸ್‌ನಲ್ಲಿ ಕನ್ವರ್ಟಿಬಲ್‌ಗೆಂದೇ ಕೇಳಬೇಕಾದ ಪ್ರಶ್ನೆ ಒಂದಿದೆ: ಬಟ್ಟೆಯ ರೂಫ್ ಅದರಲ್ಲಿ ಸೇರಿದೆಯಾ? ಟೈರು, ಗಾಜು, ಕಾರಿನ ಅಡಿಭಾಗದ ಜೊತೆ ಅದನ್ನೂ ಹೊರಗಿಟ್ಟಿರುವುದುಂಟು. ಕೀ ತಗೊಳ್ಳುವಾಗ ಅಲ್ಲೇ ರೂಫ್ ಒಮ್ಮೆ ಪೂರ್ತಿ ತೆರೆದು ಮುಚ್ಚಿ ವಿಡಿಯೋ ಮಾಡಿಕೊಳ್ಳಿ.

ಬಂಕ್‌ನಲ್ಲಿ ಒಂದು ಎಚ್ಚರ. ಗ್ಯಾಸೋಲಿಯೋ ಎಂದು ಬರೆದಿದ್ದರೆ ಅದು ಡೀಸೆಲ್! ಪೆಟ್ರೋಲಿಗೆ ದುಂಡನೆ ಗುರುತಿನಲ್ಲಿ ಇ5, ಡೀಸೆಲ್‌ಗೆ ಚೌಕದಲ್ಲಿ ಬಿ7 ಎಂದಿರುತ್ತದೆ. ಸೋಯೆರ್‌ನಲ್ಲೇ ಟ್ಯಾಂಕ್ ತುಂಬಿಸಿ ಬೆಟ್ಟ ಹತ್ತಿ.

ಪ್ರಶ್ನೆ: ನಾವಿಬ್ಬರು, ಆರು ವರ್ಷದ ಮಗ, ಎಪ್ಪತ್ತು ದಾಟಿದ ಅತ್ತೆ. ನಾಲ್ಕು ಸೀಟಿನ ಕನ್ವರ್ಟಿಬಲ್ ಸಾಕಾಗುತ್ತದಾ? (ಬೆಂಗಳೂರಿನ ಓದುಗರು)

ಉತ್ತರ: ಬೇಡ. ಇವುಗಳಿಗೆ ಎರಡೇ ಬಾಗಿಲು. ಅತ್ತೆಯವರು ಮುಂದಿನ ಸೀಟು ಮಡಚಿ ಹಿಂದಕ್ಕೆ ನುಸುಳಬೇಕು. ರೂಫ್ ತೆರೆದಾಗ ಗಾಳಿಯೆಲ್ಲ ಬಡಿಯುವುದು ಹಿಂದಿನ ಸೀಟಿಗೇ. ಅವರನ್ನು ಮುಂದೆ ಕೂರಿಸಿದರೆ ಹಿಂದೆ ಹೋಗುವವರು ನೀವು, ಮಗನಂತೂ ಹೇಗೂ ಹಿಂದೆಯೇ, ಏಕೆಂದರೆ ಸ್ಪೇನ್‌ನಲ್ಲಿ 135 ಸೆಂ.ಮೀ.ಗಿಂತ ಕಡಿಮೆ ಎತ್ತರದ ಮಕ್ಕಳು ಮಕ್ಕಳ ಸೀಟಿನಲ್ಲಿ ಹಿಂದೆ ಕೂರಬೇಕು. ಮೇಲಾಗಿ ರೂಫ್ ಮಡಚಿ ಕೂರುವುದು ಡಿಕ್ಕಿಯೊಳಗೆ. ನಾಲ್ವರ ಸೂಟ್‌ಕೇಸ್ ಇಟ್ಟರೆ ರೂಫ್ ತೆರೆಯುವುದೇ ಇಲ್ಲ.

ಮಾಮೂಲಿ ಕಾರು ತಗೊಂಡು ಸೋಯೆರ್‌ನಲ್ಲಿ ಇಳಿದುಕೊಳ್ಳಿ. ಪಾಲ್ಮಾದಿಂದ ಸೋಯೆರ್‌ಗೆ 1912ರಿಂದ ಓಡುತ್ತಿರುವ ಮರದ ಬೋಗಿಗಳ ರೈಲು ಇದೆ, ಅಲ್ಲಿಂದ ಬಂದರಿಗೆ ಟ್ರಾಮ್. ಮಗನಿಗೂ ಅತ್ತೆಗೂ ಇದು ಕಾರಿಗಿಂತ ಚೆನ್ನ. ಸಮುದ್ರ ಶಾಂತವಿದ್ದ ದಿನ ಬಂದರಿನಿಂದ ಸಾ ಕಾಲೋಬ್ರಾಕ್ಕೆ ದೋಣಿ ಹೋಗುತ್ತದೆ. ತಿರುವುಗಳಲ್ಲಿ ವಾಂತಿ ಬರುವವರನ್ನು ಒಬ್ಬರು ದೋಣಿಯಲ್ಲಿ ಕರೆದುಕೊಂಡು ಹೋಗಲಿ, ಇನ್ನೊಬ್ಬರು ಕಾರಿನಲ್ಲಿ ಇಳಿದು ಕೆಳಗೆ ಸೇರಿಕೊಳ್ಳಿ. ತೆರೆದ ಕಾರಿನ ಆಸೆ ನಿಮ್ಮಿಬ್ಬರಿಗೆ ಇದ್ದರೆ ಒಂದು ದಿನದ ಮಟ್ಟಿಗೆ ಬೇರೆಯಾಗಿ ಹಿಡಿಯಿರಿ.

ಪ್ರಶ್ನೆ: ಶುದ್ಧ ಸಸ್ಯಾಹಾರಿಗಳು ಬೆಟ್ಟದ ಊರುಗಳಲ್ಲಿ ಏನು ತಿನ್ನಬಹುದು? (ಉಡುಪಿಯ ಓದುಗರು)

ಉತ್ತರ: ತುಂಬೆತ್ ಕೇಳಿ. ಆಲೂಗಡ್ಡೆ, ಬದನೆ, ದೊಣ್ಣೆಮೆಣಸಿನಕಾಯಿ ಹುರಿದು ಪದರ ಮಾಡಿ ಟೊಮ್ಯಾಟೊ ಗೊಜ್ಜು ಹಾಕಿದ ಸ್ಥಳೀಯ ಅಡುಗೆ. ಕೆಲವರು ಮೇಲೆ ಮೀನು, ಮಾಂಸ ಇಟ್ಟು ಕೊಡುತ್ತಾರೆ, ಬೇಡ ಎಂದು ಮೊದಲೇ ಹೇಳಿ. ಬ್ರೆಡ್ಡಿಗೆ ಟೊಮ್ಯಾಟೊ ಉಜ್ಜಿ ಆಲಿವ್ ಎಣ್ಣೆ ಹಾಕುವ ಪಾ ಅಂಬ್ ಓಲಿಯೂ ಚೀಸ್ ಜೊತೆ ಸಿಗುತ್ತದೆ. ಬೇಕರಿಗಳಲ್ಲಿ ಸುರುಳಿಯಾಗಿ, ಮೇಲೆ ಸಕ್ಕರೆ ಪುಡಿ ಉದುರಿಸಿ ಇಟ್ಟಿರುವ ಎನ್ಸಾಯ್‌ಮಾದಾ ಮಾತ್ರ ಮುಟ್ಟಬೇಡಿ. ನೋಡಲು ಸಿಹಿ ಬನ್ನು, ಆದರೆ ಹಿಟ್ಟಿಗೆ ಸವರುವುದು ಹಂದಿ ಕೊಬ್ಬು.