ಚಳಿ ಮನೆ, ಹಸಿ ಕಟ್ಟಿಗೆ: ಏನು ಕೇಳ್ಬೇಕು ಅಂತ ಮಕ್ಕಳೇ ಹೇಳ್ಲಿ

ಪ್ರಶ್ನೆ: ನಾನು ಶಿರಸಿ ಹತ್ರದ ಹಳ್ಳಿಯವಳು, ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಓದ್ತಿದ್ದೇನೆ. ಇಂಗ್ಲೆಂಡಲ್ಲಿ ಮನೆ ಬೆಚ್ಚಗಿಡೋಕೆ ದುಡ್ಡಿಲ್ದೆ ಒದ್ದಾಡೋ ಕುಟುಂಬಗಳ ಬಗ್ಗೆ ಹುಡುಗ್ರನ್ನೇ ಸೇರಿಸ್ಕೊಂಡು ಸಂಶೋಧನೆ ಮಾಡ್ತಾರೆ ಅಂತ ಅಲ್ಲಿರೋ ನಮ್ಮ ಅಕ್ಕ ಹೇಳಿದ್ಳು. ನಮ್ಮಲ್ಲಿ ಮಳೆಗಾಲದ ಥಂಡಿ, ಕಟ್ಟಿಗೆ, ಗ್ಯಾಸ್ ಬಗ್ಗೆ ಹೈಸ್ಕೂಲ್ ಮಕ್ಕಳಿಂದ ಒಂದು ಫಾರ್ಮ್ ತುಂಬಿಸಿದ್ರೆ ಸಾಕು ಅಂತಾರೆ ನಮ್ಮ ಗೈಡ್. ಸಾಕಾ?

ಉತ್ತರ: ಸಾಲದು. ಫಾರ್ಮ್ ತುಂಬೋದು ಅಂದ್ರೆ ಮಾಹಿತಿ ಕೊಡೋದು ಅಷ್ಟೇ, ಸಂಶೋಧನೇಲಿ ಪಾಲ್ಗೊಂಡ ಹಾಗಾಗಲ್ಲ. ಪ್ರಶ್ನೆ ಬರೆಯೋಕೂ ಮುಂಚೆ ಏಳೆಂಟು ಮಕ್ಕಳನ್ನ ಕೂರಿಸ್ಕೊಂಡು ಏನು ಕೇಳ್ಬೇಕು, ಏನು ಕೇಳ್ಬಾರ್ದು ಅಂತ ಅವ್ರನ್ನೇ ಕೇಳಿ.

ಅಲ್ಲಿನ ಅಳತೆ ಇಲ್ಲಿಗೆ ಹೊಂದಲ್ಲ, ನೋಡಿ. ಬ್ರಿಟನ್‌ನಲ್ಲಿ ಮೊದ್ಲು, ಹಾಲ್‌ 21 ಡಿಗ್ರಿ, ಉಳಿದ ಕೋಣೆ 18 ಡಿಗ್ರಿ ಇರೋ ಹಾಗೆ ನೋಡ್ಕೊಳ್ಳೋಕೆ ಆದಾಯದ ಶೇ 10ಕ್ಕಿಂತ ಜಾಸ್ತಿ ಖರ್ಚಾಗೋ ಮನೆಯನ್ನ ಇಂಧನ ಬಡತನದ ಮನೆ ಅಂತಿದ್ರು, ಆಮೇಲೆ ಇಂಗ್ಲೆಂಡ್ ಆ ಲೆಕ್ಕ ಬದಲಾಯಿಸ್ಕೊಂಡಿದೆ. 2022ರ ಏಪ್ರಿಲ್‌ನಲ್ಲಿ ಅಲ್ಲಿ ಕರೆಂಟು, ಗ್ಯಾಸ್ ದರದ ಸರ್ಕಾರಿ ಮಿತಿ ಒಂದೇ ಏಟಿಗೆ ಶೇ 54 ಏರಿದಾಗ ಎಷ್ಟೋ ಮನೇಲಿ ಹೀಟರ್ ಆಫ್ ಆಯ್ತು. ಮಕ್ಕಳ ಮೇಲೆ ಇದ್ರ ಪೆಟ್ಟು ಸಣ್ಣದಲ್ಲ. ಬ್ರಿಟನ್‌ನ ಆರೋಗ್ಯ ಸಂಶೋಧಕ ಮೈಕೇಲ್ ಮಾರ್ಮಟ್ ತಂಡದ 2011ರ ವರದಿ ಪ್ರಕಾರ ತಣ್ಣಗಿನ ಮನೇಲಿರೋ ಹದಿಹರೆಯದವರಲ್ಲಿ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಹಲವು ಬಗೆಯ ಮಾನಸಿಕ ತೊಂದರೆಯ ಅಪಾಯ, ಬೆಚ್ಚಗಿನ ಮನೆಯವರಲ್ಲಿ ಇದು 20ರಲ್ಲಿ ಒಬ್ಬರಿಗೆ.

ನಮ್ಮ ಆಷಾಢದಲ್ಲಿ ಥರ್ಮಾಮೀಟರ್ ಆ 18 ಡಿಗ್ರಿಗಿಂತ ಕೆಳಗೆ ಇಳಿಯೋದೇ ಅಪರೂಪ, ಅದೊಂದನ್ನೇ ನಂಬಿದ್ರೆ ಶಿರಸಿ, ಸಿದ್ದಾಪುರದಲ್ಲಿ ಸಮಸ್ಯೆನೇ ಇಲ್ಲ ಅಂತಾಗ್ತದೆ. ಇಲ್ಲಿರೋದು ಥಂಡಿ ಗೋಡೆ, ಬೂಷ್ಟು, ಹೊಗೆ. ಹಸಿ ಕಟ್ಟಿಗೆಯ ಶಾಖ ಅದ್ರೊಳಗಿನ ನೀರು ಆವಿಯಾಗೋಕೇ ಖರ್ಚಾಗ್ತದೆ, ಬೆಂಕಿ ಕಮ್ಮಿ, ಹೊಗೆ ಜಾಸ್ತಿ. ಸಿಲಿಂಡರ್ ಇದ್ರೂ ಅದು ಚಾಕ್ಕೆ, ನೆಂಟರು ಬಂದ್ರೆ ಅಡುಗೆಗೆ, ಸ್ನಾನದ ನೀರಿಗೆ ಬಚ್ಚಲ ಒಲೆನೇ. ಯೂನಿಫಾರ್ಮ್ ಆ ಒಲೆ ಮೇಲಿನ ಹಗ್ಗದಲ್ಲಿ ಒಣಗೋದು, ಅರ್ಧ ಒಣಗಿದ್ದನ್ನೇ ಹಾಕ್ಕೊಂಡು ಶಾಲೆಗೆ ಹೋಗೋದು, ಪಕ್ಕದ ಹುಡುಗಿ ಹೊಗೆ ವಾಸನೆ ಅಂತ ಸರಿದು ಕೂರೋದು. ಇದನ್ನ ಯಾವ ಗೈಡೂ ಪ್ರಶ್ನಾವಳೀಲಿ ಹಾಕಲ್ಲ, ಎಂಟನೇ ಕ್ಲಾಸಿನ ಹುಡುಗಿ ಮೊದಲ ಹತ್ತು ನಿಮಿಷದಲ್ಲಿ ಹೇಳ್ತಾಳೆ.

ಆದ್ರೆ ದಯವಿಟ್ಟು ಕ್ಲಾಸಲ್ಲಿ ಎಲ್ಲರೆದುರು “ನಿಮ್ಮನೇಲಿ ಗ್ಯಾಸ್ ಇದ್ಯಾ, ಕೈ ಎತ್ತಿ” ಅನ್ಬೇಡಿ, ಬಡತನದ ನಾಚಿಕೆ ಮಕ್ಕಳಿಗೆ ದೊಡ್ಡವರಿಗಿಂತ ಜಾಸ್ತಿ. “ಒಬ್ಬ ಹುಡುಗನ ಮನೆ ಇದೆ ಅಂದ್ಕೊಳ್ಳಿ” ಅಂತ ಶುರು ಮಾಡಿ, ಚಿತ್ರ ಬಿಡಿಸೋಕೆ ಕೊಡಿ. ಅಪ್ಪ ಅಮ್ಮನ ಒಪ್ಪಿಗೆ ಬೇಕೇ ಬೇಕು, ಹಾಗೇ ಮಗುವಿನ ಒಪ್ಪಿಗೆ ಬೇರೆಯಾಗಿ ಕೇಳಿ, ಮಧ್ಯದಲ್ಲಿ ಬಿಟ್ಟುಹೋದ್ರೆ ಯಾಕೆ ಅಂತ ಕೇಳ್ಬೇಡಿ. ಮನೆ ಫೋಟೋ ಹೆಸರಿನ ಜೊತೆ ಹಾಕ್ಬೇಡಿ, ಊರಲ್ಲಿ ಗೋಡೆ ನೋಡಿದ್ರೇ ಯಾರ ಮನೆ ಅಂತ ಗೊತ್ತಾಗ್ತದೆ. ಬಸ್ ಚಾರ್ಜು, ತಿಂಡಿ ನಿಮ್ಮ ಖರ್ಚು.

ಇನ್ನೊಂದು ವಿಷ್ಯ, ಮಕ್ಕಳ ಅಭಿಪ್ರಾಯ ಕೇಳೋದು ಉಪಕಾರ ಅಲ್ಲ. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಅದನ್ನೇ ಹೇಳ್ತದೆ, ಭಾರತ 1992ರಲ್ಲಿ ಅದಕ್ಕೆ ಒಪ್ಪಿದೆ. ಹಾಗಾಗಿ ಸಿಕ್ಕ ಫಲಿತಾಂಶ ಡಿಸರ್ಟೇಶನ್ ಒಳಗೆ ಸಾಯಬಾರ್ದು. ಪಂಚಾಯ್ತೀಲಿ ಮಕ್ಕಳ ಗ್ರಾಮಸಭೆ ನಡೀತದಲ್ಲ, ಅಲ್ಲಿ ಆ ಮಕ್ಕಳೇ ಎದ್ದು ಓದ್ಲಿ, ನೀವು ಹಿಂದಿನ ಬೆಂಚಲ್ಲಿ ಕೂತ್ಕೊಳ್ಳಿ.

ಪ್ರಶ್ನೆ: ಕೋಣೆಯ ಚಳಿ ಅಳೆಯೋಕೆ ಮೊಬೈಲ್ ಸಾಲದಾ? (ಕುಮಟಾದಿಂದ ಒಬ್ಬ ಪಿಯು ವಿದ್ಯಾರ್ಥಿ)

ಉತ್ತರ: ಇಲ್ಲಪ್ಪ, ಅದು ತೋರಿಸೋದು ಊರಿನ ಹವಾಮಾನ, ನಿನ್ನ ಕೋಣೆದಲ್ಲ. ತಾಪಮಾನದ ಜೊತೆ ತೇವಾಂಶನೂ ತೋರಿಸೋ ಚಿಕ್ಕ ಮೀಟರ್ ತಗೋ, ಒಲೆಯಿಂದ, ಕಿಟಕಿಯಿಂದ ದೂರ ಇಟ್ಟು ಬೆಳಿಗ್ಗೆ ರಾತ್ರಿ ಬರ್ಕೋ.