ಝೆಲೆಂಕಾನ ಮಾಸ್‌ನಲ್ಲಿ ಕ್ರೇಡೊ ಏಕಿಲ್ಲ?
ಈ ಮಾಸ್ (ಕ್ಯಾಥೊಲಿಕ್ ಪೂಜಾವಿಧಿಯ ಪಠ್ಯಗಳ ಸಂಗೀತರೂಪ) ಗ್ಲೋರಿಯಾ ಆದಮೇಲೆ ಕ್ರೇಡೊ ಬಾರದೆ ನಿಂತುಬಿಟ್ಟರೆ ನಿಮ್ಮ ರೆಕಾರ್ಡಿಂಗ್ ಅರ್ಧಕ್ಕೆ ತುಂಡಾಗಿದೆ ಎಂದುಕೊಳ್ಳಬೇಡಿ. ಹದಿನೆಂಟನೇ ಶತಮಾನದ ಡ್ರೆಸ್ಡೆನ್ ಆಸ್ಥಾನದ ಸಂಗೀತ ರಚನಕಾರ ಯಾನ್ ಡಿಸ್ಮಾಸ್ ಝೆಲೆಂಕಾನ 'ಮಿಸ್ಸಾ ದೇಯಿ ಫಿಲಿ'ಯಲ್ಲಿ ಉಳಿದುಬಂದಿರುವುದೇ ಮಾಸ್‌ನ ಮೊದಲ ಭಾಗಗಳಾದ ಕೀರಿಯೆ, ಗ್ಲೋರಿಯಾ ಎರಡು. ಮೂರನೇ ಭಾಗವಾದ ಕ್ರೇಡೊದಿಂದ ಮುಂದಿನದನ್ನು ಆತ ಬರೆದಿದ್ದನೇ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ, ಬರೆದಿದ್ದರೂ ಸಿಕ್ಕಿಲ್ಲ.

ಮೊದಲು ಕವರ್ ಮೇಲೆ 'ಝಡ್‌ಡಬ್ಲ್ಯುವಿ 20' ಎಂದಿದೆಯೇ ನೋಡಿ; ಅದು ಝೆಲೆಂಕಾನ ಕೃತಿಗಳ ಪಟ್ಟಿಯಲ್ಲಿ ಇದರ ಸಂಖ್ಯೆ. ಬರೀ ಹೆಸರಿನಿಂದ ಹುಡುಕಿದರೆ 'ಮಿಸ್ಸಾ ದೇಯಿ ಪಾತ್ರಿಸ್' ಜೊತೆ ಗೊಂದಲವಾಗುತ್ತದೆ. ಆಮೇಲೆ ಡ್ರೆಸ್ಡೆನ್‌ನ ಸ್ಯಾಕ್ಸನಿ ರಾಜ್ಯ ಗ್ರಂಥಾಲಯದ ಡಿಜಿಟಲ್ ಸಂಗ್ರಹದಲ್ಲಿ ಹಸ್ತಪ್ರತಿಯನ್ನೇ ತೆರೆದು ಹೋಲಿಸಿ. ಸೊಪ್ರಾನೊ, ಆಲ್ಟೊ, ಟೆನರ್ ಸಾಲುಗಳು ಸಿ ಕ್ಲೆಫ್‌ನಲ್ಲಿವೆ. ಕ್ಲೆಫ್ ಎಂದರೆ ಯಾವ ಗೆರೆ ಯಾವ ಸ್ವರ ಎಂದು ತೋರಿಸುವ ಗುರುತು; ಅದನ್ನು ಈಗ ರೂಢಿಯಲ್ಲಿರುವ ಟ್ರೆಬಲ್ ಕ್ಲೆಫ್ ಎಂದುಕೊಂಡು ಓದಿದರೆ ಸ್ವರಗಳೆಲ್ಲ ತಪ್ಪುತ್ತವೆ. ನಿಮ್ಮ ಕಾಯಿರ್‌ಗೆ ಪೂರ್ತಿ ಮಾಸ್ ಬೇಕಿದ್ದರೆ ಅದೇ ಪಟ್ಟಿಯ 19 (1740) ಅಥವಾ 21 (1741) ತೆಗೆದುಕೊಳ್ಳಿ. ನನ್ನ ಆಯ್ಕೆ 21.

ಹತ್ತೊಂಬತ್ತನೇ ಶತಮಾನದ ಮುದ್ರಿತ ಸ್ಕೋರ್‌ಗಾಗಿ ಅಲೆಯಬೇಡಿ. 1745ರಲ್ಲಿ ಆತ ತೀರಿಕೊಂಡ ಮೇಲೆ ಹಸ್ತಪ್ರತಿಗಳು ಆಸ್ಥಾನದ ವಶವಾದವು. ಆತನ ಪವಿತ್ರ ವಾರದ (ಈಸ್ಟರ್‌ಗೆ ಮುಂಚಿನ ವಾರ) ರೆಸ್ಪಾನ್ಸೋರಿಯಾಗಳ, ಅಂದರೆ ಪ್ರತಿಗಾನಗಳ, ಪೂರ್ಣ ಪ್ರತಿ ಅಲ್ಲಿ ಬೀಗದೊಳಗಿದೆ ಎಂದು 1756ರಲ್ಲಿ ಪ್ರಸಿದ್ಧ ಜರ್ಮನ್ ರಚನಕಾರ ಟೆಲೆಮನ್‌ನಂಥವನೇ ಬರೆಯಬೇಕಾಯಿತು. 1863ರಲ್ಲಿ ಚೆಕ್ ರಚನಕಾರ ಸ್ಮೆಟಾನಾ ಪ್ರಾಗ್‌ನಲ್ಲಿ ಮತ್ತೆ ಕೇಳಿಸಿದ್ದೂ ವಾದ್ಯವೃಂದದ ಕೃತಿಯನ್ನೇ, ಮಾಸ್ ಅನ್ನಲ್ಲ. ಹಾಗಾಗಿ ಇಪ್ಪತ್ತನೇ ಶತಮಾನದ ಉತ್ತರಾರ್ಧದಿಂದೀಚಿನ ಮುದ್ರಣಗಳನ್ನೇ ಹುಡುಕಿ.