ಚೀಟಿಯ ಬೆನ್ನು ಹತ್ತುವವರು ಯಾರು?

ಓದುಗರ ಪತ್ರ (ಸಂಗ್ರಹ): ನಮ್ಮ ಭಾಗದ ದೊಡ್ಡಾಸ್ಪತ್ರೆಯವರು ವರ್ಷಕ್ಕೊಮ್ಮೆ ಬಂದು ಉಚಿತ ತಪಾಸಣಾ ಶಿಬಿರ ನಡೆಸುತ್ತಾರೆ. ಬಿಪಿ, ಶುಗರ್ ನೋಡಿ, ಹೆಚ್ಚಿದ್ದವರಿಗೆ ‘ಆಸ್ಪತ್ರೆಗೆ ಬನ್ನಿ’ ಎಂದು ಚೀಟಿ ಬರೆದುಕೊಡುತ್ತಾರೆ. ಹೋದವರು ಎಷ್ಟು ಮಂದಿಯೋ ಯಾರಿಗೂ ಗೊತ್ತಿಲ್ಲ. ಈ ಸಲ ರಕ್ತದಾನವನ್ನೂ ಸೇರಿಸೋಣ ಎನ್ನುತ್ತಿದ್ದಾರೆ. ಸ್ಥಳೀಯ ಸಂಘಟಕರಾದ ನಾವು ಒಪ್ಪಿಕೊಳ್ಳುವ ಮುಂಚೆ ಅವರನ್ನು ಏನೇನು ಕೇಳಬೇಕು?

ಸಂಪಾದಕರ ಉತ್ತರ:

ಶಿಬಿರ ಬೇಡ ಎನ್ನಬೇಡಿ. ಆದರೆ ಶಿಬಿರದ ದಿನಾಂಕಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ನಿಮ್ಮ ಪತ್ರದಲ್ಲೇ ಇದೆ: ಆ ಚೀಟಿ ಎಲ್ಲಿಗೆ ಹೋಗುತ್ತದೆ? ಬಿಪಿ ನೋಡುವುದು ಎರಡು ನಿಮಿಷದ ಕೆಲಸ. ಹೆಚ್ಚಿದ್ದವರನ್ನು ವೈದ್ಯರ ಮುಂದೆ ಕೂರಿಸಿ, ಮಾತ್ರೆ ಶುರುಮಾಡಿಸಿ, ಅದು ನಿಲ್ಲದಂತೆ ನೋಡಿಕೊಳ್ಳುವುದು ತಿಂಗಳುಗಟ್ಟಲೆಯ ಕೆಲಸ. ಆಸ್ಪತ್ರೆ ಜನರ ನಡುವೆ ಇದೆಯೋ ಇಲ್ಲವೋ ಎಂಬುದು ಗೊತ್ತಾಗುವುದು ಈ ಎರಡನೆಯದರಲ್ಲಿ. ವಿಶ್ವ ಆರೋಗ್ಯ ಸಂಸ್ಥೆಗಾಗಿ ವಿಲ್ಸನ್ ಮತ್ತು ಯುಂಗ್ನರ್ 1968ರಲ್ಲಿ ತಪಾಸಣೆಗೆ ಹತ್ತು ಸೂತ್ರಗಳನ್ನು ಹಾಕಿಕೊಟ್ಟರು. ರೋಗ ಪತ್ತೆಯಾದವರಿಗೆ ಚಿಕಿತ್ಸೆ ಸಿಗುವ ಏರ್ಪಾಡು ಇರಬೇಕು, ಪತ್ತೆಹಚ್ಚುವ ಕೆಲಸ ಒಂದು ಸಲಕ್ಕೆ ಮುಗಿಯದೆ ನಡೆಯುತ್ತಲೇ ಇರಬೇಕು ಎಂಬ ಎರಡೂ ಅದರಲ್ಲಿವೆ. ವರ್ಷಕ್ಕೊಂದು ಶಿಬಿರ ಎಡವುವುದು ಈ ಎರಡರಲ್ಲೇ.

ಹಾಗಾಗಿ ಮೊದಲು ರಿಜಿಸ್ಟರ್ ಕೇಳಿ. ಹೆಸರು, ವಯಸ್ಸು, ಫೋನ್ ಸಂಖ್ಯೆ, ಅಂದಿನ ಅಳತೆ ಇಷ್ಟನ್ನು ಎಲ್ಲರೂ ಬರೆದುಕೊಳ್ಳುತ್ತಾರೆ. ಅದರ ಪಕ್ಕಕ್ಕೆ ಇನ್ನು ಮೂರು ಕಾಲಂ ಹಾಕಿಸಿ: ಯಾವ ದಿನ ಬರಲು ಹೇಳಿದೆ, ಬಂದರೇ, ಬಂದಮೇಲೆ ಏನಾಯಿತು. ಆ ಕಾಲಂಗಳನ್ನು ತುಂಬಿಸುವ ಹೊಣೆ ಆಸ್ಪತ್ರೆಯ ಒಬ್ಬ ಸಿಬ್ಬಂದಿಯ ಹೆಸರಿಗೇ ಇರಲಿ. ‘ನಮ್ಮ ತಂಡ ನೋಡಿಕೊಳ್ಳುತ್ತದೆ’ ಎಂದರೆ ಯಾರೂ ನೋಡಿಕೊಳ್ಳುವುದಿಲ್ಲ ಎಂದೇ ಅರ್ಥ. ಚೀಟಿಯಲ್ಲಿ ಬರೀ ‘ಆಸ್ಪತ್ರೆಗೆ ಬನ್ನಿ’ ಎಂದಿದ್ದರೆ ಸಾಲದು. ಯಾವ ವಾರ, ಎಷ್ಟು ಗಂಟೆಗೆ, ಯಾವ ಕೊಠಡಿ, ಖಾಲಿ ಹೊಟ್ಟೆಯಲ್ಲಿ ಬರಬೇಕೇ, ಹಳೆಯ ಮಾತ್ರೆಗಳನ್ನು ತರಬೇಕೇ, ಇಷ್ಟೂ ಇರಬೇಕು. ಒಂದು ಗೊತ್ತಾದ ದಿನ ಶಿಬಿರದ ಚೀಟಿಯವರಿಗೇ ಬೇರೆ ಸಾಲು ಮಾಡಿದರೆ ಇನ್ನೂ ಒಳ್ಳೆಯದು. ಮೈಯಲ್ಲಿ ಏನೂ ತೊಂದರೆ ಕಾಣದವರು ದಿನದ ಕೂಲಿ ಬಿಟ್ಟು ಬಂದು ಉದ್ದ ಸಾಲಿನಲ್ಲಿ ನಿಂತರೆ ಎರಡನೇ ಸಲ ಬರುವುದಿಲ್ಲ. ಇದನ್ನು ಜನರ ಅಸಡ್ಡೆ ಎನ್ನುವುದು ತಪ್ಪು. ಏರಿದ ಬಿಪಿ ನೋವು ಕೊಡುವುದಿಲ್ಲ, ಅದಕ್ಕೇ ಅದರ ಬೆನ್ನು ಹತ್ತಬೇಕಾಗುತ್ತದೆ.

ಎರಡನೆಯದು ಅಳತೆಯ ಗುಣಮಟ್ಟ. ಇಲ್ಲಿ ಸ್ವಲ್ಪ ಹಟ ಹಿಡಿಯಿರಿ. ಶಿಬಿರದಲ್ಲಿ ಬಿಪಿ ಎಷ್ಟೋ ಸಲ ತಪ್ಪಾಗಿ ಬರುವುದು ಕೂರಿಸುವ ರೀತಿಯಿಂದ. ಬೆನ್ನಿಗೆ ಆಸರೆಯಿಲ್ಲದ ಸ್ಟೂಲು, ತೂಗಾಡುವ ತೋಳು, ಒಂದರ ಮೇಲೊಂದು ಹಾಕಿದ ಕಾಲು, ಪಕ್ಕದವರ ಜೊತೆ ಮಾತು, ಇವೆಲ್ಲ ಅಂಕಿಯನ್ನು ಮೇಲಕ್ಕೆತ್ತುತ್ತವೆ. ಸರಿಯಾದ ಕ್ರಮ ಇದು: ಮೂತ್ರಕ್ಕೆ ಹೋಗಿಬಂದು, ಐದು ನಿಮಿಷ ಸುಮ್ಮನೆ ಕೂತಿರಬೇಕು. ಅದಕ್ಕೆ ಮುಂಚಿನ ಅರ್ಧ ಗಂಟೆಯಲ್ಲಿ ಕಾಫಿ, ಬೀಡಿ, ಸಿಗರೇಟು ಇರಬಾರದು. ಪಾದ ನೆಲದ ಮೇಲೆ, ತೋಳು ಮೇಜಿನ ಮೇಲೆ ಎದೆಯ ಮಟ್ಟಕ್ಕೆ. ಬಿಪಿ ಯಂತ್ರದ ಪಟ್ಟಿಯನ್ನು ಬಟ್ಟೆಯ ಮೇಲಲ್ಲ, ಬರಿ ತೋಳಿಗೆ ಸುತ್ತಬೇಕು. ಒಂದು ಎರಡು ನಿಮಿಷ ಬಿಟ್ಟು ಎರಡನೇ ಸಲ ನೋಡಬೇಕು. ಪಟ್ಟಿಯೊಳಗಿನ ಗಾಳಿಚೀಲ ತೋಳಿನ ಸುತ್ತಳತೆಯ ಸುಮಾರು ಶೇ. 80ರಷ್ಟನ್ನು ಆವರಿಸಬೇಕು. ದಪ್ಪ ತೋಳಿಗೆ ಸಣ್ಣ ಪಟ್ಟಿ ಕಟ್ಟಿದರೆ ಇಲ್ಲದ ಬಿಪಿ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಎರಡು ಮೂರು ಅಳತೆಯ ಪಟ್ಟಿ ತರುತ್ತೀರಾ ಎಂದು ಮುಂಚೆಯೇ ಕೇಳಿ. ಬೆನ್ನಿನ ಆಸರೆಯ ಕುರ್ಚಿ, ಮೇಜು, ಮಾತಿಲ್ಲದ ಒಂದು ಮೂಲೆ ಒದಗಿಸುವುದು ನಿಮ್ಮ ಪಾಲಿನ ಕೆಲಸ.

ಒಂದು ದಿನ 140/90 ದಾಟಿತೆಂದ ಮಾತ್ರಕ್ಕೆ ಬಿಪಿ ಕಾಯಿಲೆ ಎಂದಾಗದು, ಇನ್ನೊಂದು ದಿನ ನೋಡಿ ಖಚಿತ ಮಾಡಿಕೊಳ್ಳಬೇಕು. ಆದರೆ 180/120ರ ಆಸುಪಾಸು ಇದ್ದು ಎದೆನೋವು, ಉಸಿರಾಟದ ತೊಂದರೆ, ಕಣ್ಣು ಮಂಜಾಗುವುದು, ಮಾತು ತೊದಲುವುದು ಇದ್ದರೆ ಚೀಟಿ ಬರೆಯುತ್ತ ಕೂರುವಂತಿಲ್ಲ. ತಕ್ಷಣ ವಾಹನ ಬೇಕು. ಆ ದಿನ ಆಂಬುಲೆನ್ಸ್ ಎಲ್ಲಿ ನಿಂತಿರುತ್ತದೆ ಎಂದು ಕೇಳಿಟ್ಟುಕೊಳ್ಳಿ.

ಶುಗರ್‌ಗೆ ಬೆರಳು ಚುಚ್ಚುವ ಮೊದಲು ಕೈ ತೊಳೆದು ಒರೆಸಿಕೊಳ್ಳಬೇಕು. ಹಣ್ಣು ತಿಂದ ಕೈಯಲ್ಲಿ ಅಂಟಿದ ಸಿಹಿಯೇ ಅಂಕಿ ಏರಿಸಿಬಿಡುತ್ತದೆ. ಸ್ಟ್ರಿಪ್ ಡಬ್ಬಿಯ ಮುಚ್ಚಳ ತೆರೆದಿಟ್ಟರೆ ತೇವ ಹಿಡಿದು ಅಳತೆ ಕೆಡುತ್ತದೆ. ಬೆರಳಿನ ಹನಿಯಿಂದ ಅನುಮಾನ ಹುಟ್ಟಬಹುದೇ ಹೊರತು ತೀರ್ಮಾನವಾಗದು. ಅದಕ್ಕೆ ಲ್ಯಾಬ್‌ನಲ್ಲಿ ಖಾಲಿ ಹೊಟ್ಟೆಯ ರಕ್ತಪರೀಕ್ಷೆ (100 ಮಿ.ಲೀ.ಗೆ 126 ಮಿ.ಗ್ರಾಂ ಅಥವಾ ಹೆಚ್ಚು) ಇಲ್ಲವೇ ಎಚ್‌ಬಿಎ1ಸಿ (ಹಿಂದಿನ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಪರೀಕ್ಷೆ; ಶೇ. 6.5 ಅಥವಾ ಹೆಚ್ಚು) ಬೇಕು. ಅಳತೆಯನ್ನು ಕೂಗಿ ಹೇಳುವುದು ಬೇಡ. ನೆರೆಹೊರೆಯವರ ಮುಂದೆ ‘ನಿಮ್ಮದು ಮುನ್ನೂರು’ ಎನಿಸಿಕೊಂಡವರು ಮುಂದಿನ ವರ್ಷ ಆ ಕಡೆ ತಲೆಹಾಕುವುದಿಲ್ಲ. ಒಂದು ಪರದೆ ಕಟ್ಟಿದರೆ ಸಾಕು.

ಇನ್ನು ರಕ್ತದಾನ. ‘ಎಷ್ಟು ಯೂನಿಟ್ ಬೇಕು, ಯಾವ ಗುಂಪಿನದು?’ ಎಂದು ರಕ್ತನಿಧಿಯವರನ್ನೇ ನೇರವಾಗಿ ಕೇಳಿ. ಕೆಂಪು ರಕ್ತಕಣಗಳನ್ನು 2ರಿಂದ 6 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟರೂ, ಕೆಡದಂತೆ ಬೆರೆಸುವ ದ್ರಾವಣಕ್ಕೆ ತಕ್ಕಂತೆ ಬಾಳುವುದು 35ರಿಂದ 42 ದಿನ. ಪ್ಲೇಟ್‌ಲೆಟ್‌ಗಳು 20ರಿಂದ 24 ಡಿಗ್ರಿಯಲ್ಲಿ, ಸದಾ ಅಲುಗಾಡಿಸುತ್ತಿದ್ದರೂ, ಸಾಮಾನ್ಯವಾಗಿ ಐದೇ ದಿನ. ಒಂದೇ ದಿನ ದಾಖಲೆ ಮಾಡಹೊರಟರೆ ಒಂದಷ್ಟು ರಕ್ತ ಅವಧಿ ಮೀರಿ ಚೆಲ್ಲಿಹೋಗುತ್ತದೆ, ಮುಂದಿನ ತಿಂಗಳು ಮತ್ತೆ ಕೊರತೆ. ಅದೇ ದಾನಿಗಳನ್ನು ಮೂರ್ನಾಲ್ಕು ಗುಂಪು ಮಾಡಿ ಬೇರೆ ಬೇರೆ ತಿಂಗಳಿಗೆ ಹಂಚಿದರೆ ರಕ್ತನಿಧಿಗೆ ನಿಜವಾದ ಉಪಕಾರ. ಹಾರ, ಫೋಟೊ ಚಿಕ್ಕದಾಗಬಹುದು, ಆಗಲಿ.

ಇಲ್ಲೂ ಚೀಟಿಯ ಪ್ರಶ್ನೆ ಬಿಡುವುದಿಲ್ಲ. ಹಿಮೋಗ್ಲೋಬಿನ್ ಕಡಿಮೆಯಿದೆ ಎಂದು ಎಷ್ಟೋ ದಾನಿಗಳನ್ನು ವಾಪಸು ಕಳಿಸುತ್ತಾರೆ. ‘ಚೆನ್ನಾಗಿ ಊಟ ಮಾಡಿ’ ಎಂದು ಅವರನ್ನು ಸಾಗಹಾಕುವುದು ಸರಿಯಲ್ಲ. ಹೆಚ್ಚು ಮುಟ್ಟಿನ ಸ್ರಾವ, ಹೊಟ್ಟೆಯ ಹುಣ್ಣಿನಿಂದ ರಕ್ತ ಸೋರಿಕೆ, ಕೊಕ್ಕೆಹುಳು, ಹೀಗೆ ಹುಡುಕಬೇಕಾದ ಕಾರಣ ಏನೋ ಇರುತ್ತದೆ. ಅವರ ಹೆಸರೂ ಅದೇ ರಿಜಿಸ್ಟರ್‌ಗೆ ಬರಲಿ. ದಾನದ ರಕ್ತದಲ್ಲಿ ಎಚ್‌ಐವಿ ಅಥವಾ ಹೆಪಟೈಟಿಸ್‌ನ ಸುಳಿವು ಸಿಕ್ಕರೆ ಆ ದಾನಿಗೆ ಮಾತ್ರ, ಗುಟ್ಟಾಗಿ, ಆಪ್ತಸಲಹೆಯ ಜೊತೆ ತಿಳಿಸುವ ಕ್ರಮ ಇದೆಯೇ ಎಂದು ಕೇಳಿಕೊಳ್ಳಿ. ಆ ಮಾಹಿತಿ ಸಂಘಟಕರ ಕೈಗೆ ಬರಲೇಕೂಡದು.

ಕೊನೆಯದಾಗಿ, ಆಸ್ಪತ್ರೆಯವರ ಜೊತೆ ಕೂತು ಒಂದು ಪುಟದ ಒಪ್ಪಂದ ಬರೆದುಕೊಳ್ಳಿ. ಶಿಬಿರವಾದ ಎರಡು ವಾರಕ್ಕೆ, ಚೀಟಿ ಪಡೆದೂ ಬಾರದವರಿಗೆ ಆಸ್ಪತ್ರೆಯವರು ಫೋನ್ ಮಾಡುತ್ತಾರೆ. ಆರು ವಾರಕ್ಕೆ ಎರಡೂ ಕಡೆಯವರು ಸೇರುತ್ತೀರಿ. ಆಗ ನಿಮ್ಮ ಮುಂದೆ ಬರಬೇಕಾದದ್ದು ರೋಗಿಗಳ ಹೆಸರಲ್ಲ, ನಾಲ್ಕು ಅಂಕಿ: ಚೀಟಿ ಕೊಟ್ಟದ್ದೆಷ್ಟು, ಬಂದವರೆಷ್ಟು, ಕಾಯಿಲೆ ಖಚಿತವಾದದ್ದೆಷ್ಟು ಮಂದಿಗೆ, ಚಿಕಿತ್ಸೆಯಲ್ಲಿ ಈಗಲೂ ಉಳಿದಿರುವವರೆಷ್ಟು. ಬಾರದೇ ಉಳಿದವರು ಕೊಟ್ಟ ಕಾರಣಗಳನ್ನೂ ಓದಿಸಿ. ಬಸ್ಸಿನ ಹೊತ್ತು, ಕೂಲಿ, ಭಯ, ಮನೆಯಲ್ಲಿ ನೋಡಿಕೊಳ್ಳುವವರಿಲ್ಲ, ಹೀಗೆ ಏನೇ ಇದ್ದರೂ ಅರ್ಧದಷ್ಟನ್ನು ನೀವು ಸ್ಥಳದಲ್ಲೇ ಬಗೆಹರಿಸಬಹುದು. ಆ ಆರನೇ ವಾರದ ಸಭೆಯ ದಿನಾಂಕವನ್ನು ಶಿಬಿರದ ದಿನಾಂಕದ ಜೊತೆಗೇ, ಅದೇ ಹಾಳೆಯಲ್ಲಿ ಬರೆಸಿಕೊಳ್ಳಿ.